ಗೇಮ್ ಕನ್ಸೋಲ್ ಮನೆಗೆ ತರುವ ಮೊದಲು ಮಲೆನಾಡಿನವರು ಹಾಕಬೇಕಾದ ಲೆಕ್ಕ

ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಡಬ್ಬ, ಅಂದರೆ ಗೇಮ್ ಕನ್ಸೋಲ್, ಕೊಟ್ಟ ದುಡ್ಡಿಗೆ ತಕ್ಕದ್ದಾ ಅಂತ ಕೇಳಿದರೆ ನನ್ನ ಉತ್ತರ ನೇರ. ವಾರಕ್ಕೆ ನಾಲ್ಕೈದು ಗಂಟೆ ನಿಜವಾಗಿಯೂ ಆಡುವ ಮನೆಯಾದರೆ ತಗೊಳ್ಳಿ, ಇಲ್ಲದಿದ್ದರೆ ಬೇಡ. ಆದರೆ ಇಷ್ಟೇ ಹೇಳಿದರೆ ಬೆಂಗಳೂರಿನ ಫ್ಲಾಟಿಗೆ ಸಾಕು, ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಗಿನ ಹಳ್ಳಿಗಳಿಗೆ ಸಾಲುವುದಿಲ್ಲ. ರಿವ್ಯೂ ಮಾಡುವವರು ಗ್ರಾಫಿಕ್ಸ್ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ ಅಂದರೆ ಏನು ಮಾಡುವುದು, ಜುಲೈನಲ್ಲಿ ಗೋಡೆಯೇ ಬೆವರುವ ಮನೆಯಲ್ಲಿ ಈ ಡಬ್ಬ ಎಷ್ಟು ವರ್ಷ ಬಾಳುತ್ತದೆ, ಟವರ್ ಸರಿಯಾಗಿ ಸಿಗದ ಊರಲ್ಲಿ 100 ಜಿಬಿ ಆಟ ಇಳಿಸುವುದು ಹೇಗೆ, ಇದನ್ನು ಅವರು ಹೇಳುವುದಿಲ್ಲ. ನಮಗೆ ಬೇಕಿರುವುದು ಅದೇ ಅಲ್ವಾ?

ಮೊದಲು ಪೆನ್ನು ಪೇಪರ್ ಹಿಡಿಯಿರಿ

ಸೋನಿ ಕಂಪನಿಯ ಕನ್ಸೋಲ್ ಪ್ಲೇಸ್ಟೇಷನ್ 5 (ಪಿಎಸ್5) ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ. ಡಿಸ್ಕ್ ಹಾಕುವ ಮಾಡೆಲ್‌ಗೆ 49,990 ರೂಪಾಯಿ, ಡಿಸ್ಕ್ ಇಲ್ಲದ್ದಕ್ಕೆ 39,990. ಟಿವಿ ಥರ ಇದೂ ವರ್ಷ ಕಳೆದ ಹಾಗೆ ಅಗ್ಗವಾಗುತ್ತದೆ ಅಂತ ಕಾದವರಿಗೆ ಉಲ್ಟಾ ಹೊಡೆಯಿತು. 2024ರಲ್ಲಿ ಸ್ಲಿಮ್ ಮಾಡೆಲ್ ಬಂದಾಗ ಬೆಲೆ 54,990 ಮತ್ತು 44,990 ಆಗಿತ್ತು. ಹಾಗಾಗಿ ಬೆಲೆ ಇಳಿಯಲಿ ಅಂತ ವರ್ಷಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ, ಆಫರ್ ಬಂದಾಗ ತಗೊಳ್ಳುವುದು ಬೇರೆ ಮಾತು.

ಆದರೆ ಡಬ್ಬದ ಮೇಲಿನ ಬೆಲೆ ಅರ್ಧ ಕಥೆ ಮಾತ್ರ. ಸುಮಾರು ಲೆಕ್ಕ ಹೀಗೆ ಹಾಕಿ. ಆಫರ್‌ನಲ್ಲಿ ಸಿಕ್ಕಿತು ಅಂತ ಇಟ್ಟುಕೊಂಡು ಕನ್ಸೋಲ್‌ಗೆ 50,000. ಇಬ್ಬರು ಆಡಲು ಇನ್ನೊಂದು ಕಂಟ್ರೋಲರ್ (ಕೈಯಲ್ಲಿ ಹಿಡಿದು ಆಡುವ ಗುಂಡಿಗಳ ಸಾಧನ) 6,000. ನಾಲ್ಕು ವರ್ಷದಲ್ಲಿ ಆರು ಆಟ ತಗೊಂಡರೆ, ಹೊಸದು ಹಳೆಯದು ಸೇರಿ ಒಂದಕ್ಕೆ 4,000ದಂತೆ 24,000. ಕರೆಂಟ್ ಹೋದಾಗ ಕೆಲವು ನಿಮಿಷ ಬ್ಯಾಟರಿಯಿಂದ ಓಡಿಸುವ ಒಂದು ಚಿಕ್ಕ ಯುಪಿಎಸ್‌ಗೆ 3,500. ಒಟ್ಟು 83,500. ನಾಲ್ಕು ವರ್ಷ ಆದಮೇಲೆ ಮಾರಿದರೆ 20,000 ಬಂತು ಅಂತ ಇಟ್ಟುಕೊಳ್ಳಿ. ನಿಜವಾದ ಖರ್ಚು 63,500.

ಈಗ ಗಂಟೆಯಿಂದ ಭಾಗಿಸಿ. ವಾರಕ್ಕೆ ಐದು ಗಂಟೆಯಂತೆ ನಾಲ್ಕು ವರ್ಷಕ್ಕೆ ಸುಮಾರು 1,000 ಗಂಟೆ. ಗಂಟೆಗೆ 63 ರೂಪಾಯಿ ಬಿತ್ತು. ಇಬ್ಬರು ಒಟ್ಟಿಗೆ ಕೂತು ಆಡಿದರೆ ತಲೆಗೆ 32. ಹಳ್ಳಿಯಿಂದ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋಗಿ, ಸಿನಿಮಾ ನೋಡಿ, ಏನೋ ತಿಂದು ಬರುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಅದೇ ಕನ್ಸೋಲನ್ನು ವಾರಕ್ಕೆ ಒಂದೇ ಗಂಟೆ ಆಡಿದರೆ ಗಂಟೆಗೆ 300 ದಾಟುತ್ತದೆ. ವಸ್ತು ಅದೇ, ದುಡ್ಡು ಅದೇ, ಆದರೂ ಒಂದು ಮನೆಗೆ ಲಾಭ, ಇನ್ನೊಂದು ಮನೆಗೆ ಪೂರ್ತಿ ನಷ್ಟ.

ಹಾಗಾದರೆ ನಾನು ಎಷ್ಟು ಗಂಟೆ ಆಡುತ್ತೇನೆ ಅಂತ ಗೊತ್ತಾಗುವುದು ಹೇಗೆ? ಊಹೆ ಮಾಡಬೇಡಿ, ಊಹೆ ಯಾವಾಗಲೂ ಜಾಸ್ತಿಯೇ ಇರುತ್ತದೆ. ನಿಮ್ಮ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇದೆ, ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆದಿರಿ ಅಂತ ತೋರಿಸುತ್ತದೆ. ಗೇಮಿನ ಮುಂದೆ ಕಾಣುವ ಹೊತ್ತು ನೋಡಿ. ಅದು ತೀರಾ ಕಡಿಮೆ ಇದ್ದರೆ ಟಿವಿ ಮುಂದೆ ಕೂತ ಮಾತ್ರಕ್ಕೆ ದಿಢೀರ್ ಅಂತ ಜಾಸ್ತಿಯಾಗುವುದಿಲ್ಲ. ಜಾಸ್ತಿ ಇದ್ದರೂ ಯಾವ ಥರದ ಆಟ ಅಂತ ನೋಡಿ. ಬಸ್ಸಿಗೆ ಕಾಯುವಾಗ, ಊಟ ಆದಮೇಲೆ ಹತ್ತು ನಿಮಿಷ ಆಡುವ ಆಟವಾದರೆ ಅದಕ್ಕೆ ಕನ್ಸೋಲ್ ಬೇಡವೇ ಬೇಡ. ಒಂದು ಬ್ಲೂಟೂತ್ ಕಂಟ್ರೋಲರ್ ತಂದು ಫೋನಿಗೆ ಜೋಡಿಸಿ ಒಂದೆರಡು ತಿಂಗಳು ಆಡಿ ನೋಡಿ. ಅಷ್ಟರಲ್ಲಿ ನಿಮಗೇ ತಿಳಿಯುತ್ತದೆ.

ಮನೆಯಲ್ಲಿ ಕಾಲೇಜು ಸೇರುವ ಮಕ್ಕಳಿದ್ದು ಲ್ಯಾಪ್‌ಟಾಪ್ ಇಲ್ಲ ಅಂದರೆ ಮೊದಲು ಲ್ಯಾಪ್‌ಟಾಪ್. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ.

ಕರೆಂಟು

ಪಿಎಸ್5 ದೊಡ್ಡ ಆಟ ಆಡುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ. 43 ಇಂಚಿನ ಎಲ್ಇಡಿ ಟಿವಿ ಇನ್ನೊಂದು 80ರಿಂದ 100. ಎರಡೂ ಸೇರಿ 300 ವ್ಯಾಟ್ ಅಂದರೆ ಗಂಟೆಗೆ 0.3 ಯೂನಿಟ್. ದಿನಕ್ಕೆ ಎರಡು ಗಂಟೆ ಆಡಿದರೆ ತಿಂಗಳಿಗೆ 18 ಯೂನಿಟ್. ಹೆಚ್ಚೇನೂ ಅಲ್ಲ ಅನ್ನಿಸುತ್ತದೆ. ಆದರೆ ಗೃಹಜ್ಯೋತಿಯಲ್ಲಿ ಇರುವವರು ಇಲ್ಲಿ ಸ್ವಲ್ಪ ನಿಲ್ಲಿ. ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಲ್ಲ, ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮಿತಿ ಇಟ್ಟಿದ್ದಾರೆ. ಆ ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಈಗಾಗಲೇ 185, 190 ಬರುತ್ತಿರುವ ಮನೆಯಲ್ಲಿ ಈ 18 ಯೂನಿಟ್ ಸೇರಿದರೆ ಸೊನ್ನೆ ಬರುತ್ತಿದ್ದ ಬಿಲ್ಲು ಒಮ್ಮೆಲೇ ಸಾವಿರ ದಾಟಬಹುದು. ಮೆಸ್ಕಾಂ ಬಿಲ್ಲನ್ನು ಕೈಯಲ್ಲಿ ಹಿಡಿದು ಬಳಕೆಯ ಸಾಲು ನೋಡಿಕೊಂಡೇ ಮುಂದೆ ಹೋಗಿ.

ಯೂನಿಟ್‌ಗಿಂತ ದೊಡ್ಡ ತಲೆನೋವು ಕರೆಂಟ್ ಹೋಗಿ ಬರುವುದು. ವೋಲ್ಟೇಜ್ ಸ್ವಲ್ಪ ಕಡಿಮೆ ಆದರೆ ಈಗಿನ ಕನ್ಸೋಲ್‌ಗಳು ತಡೆದುಕೊಳ್ಳುತ್ತವೆ, ಹಾಗಾಗಿ ಸ್ಟೆಬಿಲೈಸರ್‌ಗೆ ದುಡ್ಡು ಹಾಕುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಆಟ ಸೇವ್ ಆಗುವಾಗಲೋ ಸಾಫ್ಟ್‌ವೇರ್ ಅಪ್‌ಡೇಟ್ ಆಗುವಾಗಲೋ ಪಟ್ಟಂತ ಹೋದರೆ ಮಾತ್ರ ಕಷ್ಟ, ಸೇವ್ ಕೆಡಬಹುದು, ಅಪ್‌ಡೇಟ್ ಮಧ್ಯದಲ್ಲಿ ನಿಂತು ಯಂತ್ರವೇ ಸರಿಯಾಗಿ ಏಳದೆ ಹೋಗಬಹುದು. ಕಂಪ್ಯೂಟರಿಗೆ ಹಾಕುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ತಡೆಯುತ್ತದೆ. ಕನ್ಸೋಲ್, ಟಿವಿ ಎರಡಕ್ಕೂ ಕೆಲವೇ ನಿಮಿಷ ಸಿಗುತ್ತದೆ. ಸೇವ್ ಮಾಡಿ ಆಫ್ ಮಾಡಲು ಅಷ್ಟು ಸಾಕು. ಮನೆಯಲ್ಲಿ ಸೈನ್ ವೇವ್ ಇನ್ವರ್ಟರ್ ಇದ್ದರೆ ಅದರಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಅದನ್ನು ಹಾಕಿ. ಮಳೆಗಾಲದಲ್ಲಿ ಮಾತ್ರ ಇನ್ವರ್ಟರ್ ಬ್ಯಾಟರಿಯನ್ನು ಗೇಮಿಗೆ ಸುಡಬೇಡಿ, ರಾತ್ರಿ ಅಡುಗೆಮನೆ ಲೈಟಿಗೆ ಬೇಕಾಗುತ್ತದೆ.

ಇನ್ನು ಸಿಡಿಲು. ಭರಣಿ, ಕೃತ್ತಿಕೆ ಮಳೆಯ ಹೊತ್ತು, ಅಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳ ಸಂಜೆಗಳು, ವಿದ್ಯುತ್ ಸಾಮಾನಿಗೆ ವರ್ಷದಲ್ಲೇ ಕೆಟ್ಟ ಕಾಲ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ಜನ ಮರೆಯುವುದು ಡಿಶ್ ಕೇಬಲನ್ನು. ಮಾಡಿನ ಮೇಲಿನ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಗೆ, ಟಿವಿಯಿಂದ ಮತ್ತೊಂದು ಎಚ್‌ಡಿಎಂಐ ಮೂಲಕ ಕನ್ಸೋಲ್‌ಗೆ ದಾರಿ ಇದೆ. ಕನ್ಸೋಲ್ ಪ್ಲಗ್ ಕಿತ್ತಿದ್ದರೂ ಹಿಂದಿನಿಂದ ಬರುತ್ತದೆ. ಅದಕ್ಕೇ ಗುಡುಗು ಶುರುವಾದಾಗ ಎಚ್‌ಡಿಎಂಐ ಕೂಡ ಕಿತ್ತಿಡಿ. ಫೈಬರ್ ನೆಟ್ ಇದ್ದವರಿಗೆ ಒಂದು ಸಮಾಧಾನ ಇದೆ, ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಆ ಮೋಡೆಮ್‌ನ ಅಡಾಪ್ಟರ್ ಮನೆ ಲೈನಿನಲ್ಲೇ ಇರುತ್ತದೆ, ಅದನ್ನೂ ಕೀಳಬೇಕು. ಹಳೆ ಮನೆಗಳಲ್ಲಿ ಎಷ್ಟೋ ಕಡೆ ಅರ್ಥಿಂಗ್ ಸರಿ ಇರುವುದಿಲ್ಲ. 50,000ದ ವಸ್ತು ತರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಅದು ಗೇಮಿಗೆ ಮಾತ್ರ ಅಲ್ಲ, ಮನೆಯವರ ಜೀವಕ್ಕೂ ಬೇಕು.

ಡಿಸ್ಕ್ ಇರುವುದಾ, ಇಲ್ಲದ್ದಾ?

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಮಲೆನಾಡಿನಲ್ಲಿ ಇದ್ದರೆ ಡಿಸ್ಕ್ ಇರುವುದನ್ನೇ ತಗೊಳ್ಳಿ, ಹತ್ತು ಸಾವಿರ ಜಾಸ್ತಿ ಆದರೂ.

ದೊಡ್ಡ ಆಟಗಳು ಈಗ 100 ಜಿಬಿ ಆಸುಪಾಸು. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಪ್ಯಾಕ್‌ನಲ್ಲಿ, ಬೇರೆ ಏನೂ ನೋಡದೆ ಇಳಿಸಿದರೂ ಒಂದು ಆಟಕ್ಕೆ 50 ದಿನ. 40 ಎಂಬಿಪಿಎಸ್ ಫೈಬರ್ ಇದ್ದರೆ ಐದೂವರೆ ಗಂಟೆ, ಅದೂ ಆ ಸ್ಪೀಡ್ ಉದ್ದಕ್ಕೂ ಬಂದರೆ. ಶಿವಮೊಗ್ಗ ಪೇಟೆಯವರಿಗೆ, ಸಾಗರ, ತೀರ್ಥಹಳ್ಳಿ ಪೇಟೆಯೊಳಗಿನವರಿಗೆ ಇದು ಸಮಸ್ಯೆಯೇ ಅಲ್ಲ. ಪೇಟೆಯಿಂದ ಹತ್ತು ಕಿಲೋಮೀಟರ್ ಒಳಗೆ ಹೋದರೆ ಕಥೆ ಬೇರೆ. ಮರ ಬಿದ್ದಾಗ ಕರೆಂಟ್ ಲೈನಿನ ಜೊತೆ ಫೈಬರೂ ಹರಿದುಹೋಗುತ್ತದೆ, ಕರೆಂಟ್ ಬಂದಮೇಲೂ ನೆಟ್ ಬರಲು ಇನ್ನೂ ಕೆಲವು ದಿನ ಬೇಕು.

ಎರಡನೇ ಕಾರಣ ಮಾರಾಟ. ಡಿಸ್ಕ್ ಆಡಿ ಮುಗಿಸಿ ಮಾರಬಹುದು, ಗೆಳೆಯರ ಜೊತೆ ಅದಲು ಬದಲು ಮಾಡಬಹುದು. ಇಬ್ಬರು ಮೂವರು ಗೆಳೆಯರು ಸೇರಿ ಒಬ್ಬೊಬ್ಬರು ಒಂದೊಂದು ಆಟ ತಗೊಂಡರೆ ಆಟಗಳ ಖರ್ಚು ಅರ್ಧಕ್ಕೋ ಮೂರನೇ ಒಂದು ಭಾಗಕ್ಕೋ ಇಳಿಯುತ್ತದೆ. ಡೌನ್‌ಲೋಡ್ ಮಾಡಿದ ಆಟವನ್ನು ಯಾರಿಗೂ ಮಾರಲು ಬರುವುದಿಲ್ಲ. ಮೇಲಾಗಿ ಆಟ ಇಳಿಸಿಕೊಳ್ಳುವ ಆನ್‌ಲೈನ್ ಅಂಗಡಿಯೇ ಮುಚ್ಚಿಹೋಗಬಹುದು. ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯನ್ನು 2023ರ ಮಾರ್ಚ್‌ನಲ್ಲಿ ಮುಚ್ಚಿತು, ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360ರ ಅಂಗಡಿಯನ್ನು 2024ರ ಜುಲೈನಲ್ಲಿ ಮುಚ್ಚಿತು. ಹಳೆ ಡಿಸ್ಕ್‌ಗಳು ಇವತ್ತಿಗೂ ಓಡುತ್ತವೆ.

ಡಿಸ್ಕ್ ಇದ್ದರೂ ಎರಡು ವಿಷಯ ಗೊತ್ತಿರಲಿ. ಕೆಲವು ಆಟಗಳ ಡಿಸ್ಕ್‌ನಲ್ಲಿ ಆಟವೇ ಪೂರ್ತಿ ಇರುವುದಿಲ್ಲ. 2022ರ ಕಾಲ್ ಆಫ್ ಡ್ಯೂಟಿಯ ಪಿಎಸ್5 ಡಿಸ್ಕ್ ಹಾಗೇ ಇತ್ತು, ಬಹುಪಾಲು ಇಳಿಸಿಕೊಳ್ಳಲೇಬೇಕಿತ್ತು. ತಗೊಳ್ಳುವ ಮೊದಲು ಆ ಆಟ ನೆಟ್ ಇಲ್ಲದೆ ಡಿಸ್ಕ್‌ನಿಂದ ಓಡುತ್ತದಾ ಅಂತ ಹುಡುಕಿ ನೋಡಿ. ಇನ್ನೊಂದು, ಪಿಎಸ್5 ಸ್ಲಿಮ್‌ನ ಡಿಸ್ಕ್ ಡ್ರೈವ್ ಬಿಚ್ಚಿ ಹಾಕುವಂಥದ್ದು, ಅದನ್ನು ಮೊದಲ ಸಲ ಜೋಡಿಸಲು ಇಂಟರ್ನೆಟ್ ಬೇಕು. ಪೇಟೆಯಲ್ಲಿ ನೆಂಟರ ಮನೆಯಲ್ಲೋ ಗೆಳೆಯರ ಮನೆಯಲ್ಲೋ ಫೈಬರ್ ಇದ್ದರೆ ಅಲ್ಲೇ ಮೊದಲ ಸೆಟಪ್, ಅಪ್‌ಡೇಟ್ ಎಲ್ಲಾ ಮುಗಿಸಿ ಊರಿಗೆ ತನ್ನಿ.

ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅಗ್ಗ ಅಂತ ತುಂಬಾ ಜನ ಅದರತ್ತ ನೋಡುತ್ತಾರೆ. ಒಳ್ಳೆಯ ಯಂತ್ರವೇ. ಆದರೆ ಡಿಸ್ಕ್ ಹಾಕಲು ಜಾಗವೇ ಇಲ್ಲ, 512 ಜಿಬಿ ಮಾಡೆಲ್‌ನಲ್ಲಿ ನಿಮ್ಮ ಬಳಕೆಗೆ ಸಿಗುವುದು 364 ಜಿಬಿ, ಮೂರು ದೊಡ್ಡ ಆಟಕ್ಕೆ ತುಂಬಿಹೋಗುತ್ತದೆ. ನಾಲ್ಕನೆಯದು ಬೇಕಾದರೆ ಒಂದನ್ನು ಅಳಿಸಬೇಕು, ಮತ್ತೆ ಬೇಕಾದರೆ ಮತ್ತೆ ಇಳಿಸಬೇಕು. ಗಟ್ಟಿ ಫೈಬರ್ ಇರುವವರಿಗೆ ಮಾತ್ರ ಸರಿ. ನಿಂಟೆಂಡೊ ಸ್ವಿಚ್ ಅನ್ನುವ ಕನ್ಸೋಲ್ ನನಗೆ ಬಹಳ ಇಷ್ಟ, ಕರೆಂಟ್ ಹೋದರೂ ಕೈಯಲ್ಲಿ ಹಿಡಿದು ಆಡಬಹುದು, ಆಟಗಳೂ ಚಿಕ್ಕ ಕಾರ್ಡಿನಲ್ಲಿ ಬರುತ್ತವೆ. ಆದರೆ 2017ರಲ್ಲಿ ಬಂದ ಆ ಯಂತ್ರವನ್ನು ಕಂಪನಿ ಭಾರತದಲ್ಲಿ ಅಧಿಕೃತವಾಗಿ ಮಾರಲಿಲ್ಲ. ಇಲ್ಲಿ ಸಿಗುವುದೆಲ್ಲ ಹೊರಗಿನಿಂದ ತರಿಸಿದ್ದು, ಕೆಟ್ಟರೆ ಕಂಪನಿ ವಾರಂಟಿ ಇಲ್ಲ.

ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡಲು ಪ್ಲೇಸ್ಟೇಷನ್‌ನಲ್ಲಿ ದುಡ್ಡು ಕೊಟ್ಟು ತಗೊಂಡ ಬಹುತೇಕ ಆಟಗಳಿಗೆ ಪಿಎಸ್ ಪ್ಲಸ್ ಚಂದಾ ಬೇಕು. ಫೋರ್ಟ್‌ನೈಟ್ ಥರದ ಪುಕ್ಕಟೆ ಆಟಗಳಿಗೆ ಬೇಡ. ಒಂದೇ ಟಿವಿ ಮುಂದೆ ಅಣ್ಣ ತಮ್ಮ ಕೂತು ಕ್ರಿಕೆಟ್ಟೋ ಫುಟ್‌ಬಾಲೋ ಆಡಲು ಚಂದಾನೂ ಬೇಡ, ನೆಟ್ಟೂ ಬೇಡ. ಆರಿದ್ರೆ, ಪುನರ್ವಸು ಮಳೆಯಲ್ಲಿ ಶಾಲೆಗೆ ರಜೆ ಕೊಟ್ಟು ಹೊರಗೆ ಕಾಲಿಡಲಾಗದೆ ಮಕ್ಕಳು ಆಳಿಗೊಂದು ಮೊಬೈಲ್ ಹಿಡಿದು ಮೂಲೆ ಸೇರುವುದಕ್ಕಿಂತ, ನಡುಮನೆಯಲ್ಲಿ ಒಟ್ಟಿಗೆ ಕೂತು ಕಿರುಚಾಡುತ್ತಾ ಆಡುವುದು ಎಷ್ಟೋ ಮೇಲು. ಕನ್ಸೋಲ್ ಪರವಾಗಿ ನಾನು ಹೇಳುವ ಅತಿ ದೊಡ್ಡ ಮಾತು ಇದು.

ಮಳೆ, ತೇವ, ಇರುವೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಅಂಥ ಕಡೆ ಚಪ್ಪಲಿಗೇ ಬೂಸ್ಟು ಹಿಡಿಯುತ್ತದೆ, ಇನ್ನು ಸರ್ಕ್ಯೂಟ್ ಬೋರ್ಡ್ ಬಿಡುತ್ತದಾ? ತುಂಬಾ ಜನ ಮಾಡುವುದು ಏನೆಂದರೆ, ಮಳೆಗಾಲ ಅಂತ ಪ್ಲಾಸ್ಟಿಕ್ ಕವರ್ ಸುತ್ತಿ ಬೀರುವಿನಲ್ಲಿ ಇಡುವುದು. ಅದು ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಬದಲು ವಾರಕ್ಕೆ ಒಂದೆರಡು ಸಲ ಅರ್ಧ ಗಂಟೆ ಓಡಿಸಿ, ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಆಫ್ ಇದ್ದಾಗ ತೆಳು ಬಟ್ಟೆ ಮುಚ್ಚಿ, ಓಡುವಾಗ ತೆಗೆಯಿರಿ. ಗೋಡೆಗೆ ತಾಗಿಸಬೇಡಿ. ಬಾಗಿಲಿರುವ ಶೋಕೇಸ್ ಒಳಗೆ ಬೇಡ, ಸೌದೆ ಒಲೆಯ ಹೊಗೆ ಬರುವ ಕಡೆ ಬೇಡವೇ ಬೇಡ. ಹೊಗೆಯ ಜಿಡ್ಡಿಗೆ ಧೂಳು ಕೂತು ಫ್ಯಾನ್ ಕಟ್ಟಿಕೊಳ್ಳುತ್ತದೆ. ಬೆಚ್ಚಗಿನ ಜಾಗ ಹುಡುಕಿ ಇರುವೆ ಗೂಡು ಕಟ್ಟುವುದು ನಮ್ಮಲ್ಲಿ ಮಾಮೂಲಿ, ತಿಂಗಳಿಗೊಮ್ಮೆ ಹಿಂದಿನ ಕಿಂಡಿಗಳಿಗೆ ಟಾರ್ಚ್ ಬಿಟ್ಟು ನೋಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ

ಮೊದಲ ಕನ್ಸೋಲ್ ಆದರೆ ಹಳೆಯ ಪಿಎಸ್4 ಚೆನ್ನಾಗಿರುವುದು ಸಿಕ್ಕರೆ ಅದೇ ಜಾಣತನ ಅಂತ ನನ್ನ ಅನಿಸಿಕೆ. 2013ರಿಂದ ಬಂದ ಆಟಗಳ ರಾಶಿಯೇ ಇದೆ, ಹಳೆ ಡಿಸ್ಕ್‌ಗಳು ಅಗ್ಗಕ್ಕೆ ಸಿಗುತ್ತವೆ, ಮುಂದೆ ಪಿಎಸ್5 ತಗೊಂಡರೆ ಆ ಡಿಸ್ಕ್‌ಗಳಲ್ಲಿ ಬಹುತೇಕ ಎಲ್ಲವೂ ಅದರಲ್ಲೂ ಓಡುತ್ತವೆ. ಆದರೆ ಫೋಟೋ ನೋಡಿ ದುಡ್ಡು ಹಾಕಬೇಡಿ. ಮಂಡಿಯಲ್ಲಿ ಚೀಲಕ್ಕೆ ಕೈ ಹಾಕಿ ತಳದ ಅಡಿಕೆ ತೆಗೆದು ನೋಡುವ ಹಾಗೆ ನೋಡಬೇಕು.

ಮಾರುವವರ ಮನೆಗೇ ಹೋಗಿ, ನಿಮ್ಮದೇ ಒಂದು ಡಿಸ್ಕ್ ಜೊತೆಗೆ. ಮೊದಲು ಯಂತ್ರ ತಿರುಗಿಸಿ ಸ್ಕ್ರೂ ನೋಡಿ. ಸ್ಕ್ರೂ ತಲೆಯಲ್ಲಿ ಕಂದು ತುಕ್ಕು ಇದ್ದರೆ, ರಬ್ಬರ್ ಕಾಲಿನ ಸುತ್ತ ಬಿಳಿ ಬೂಸ್ಟು ಇದ್ದರೆ ಒಳಗೂ ತೇವ ಹೋಗಿದೆ. ಎಚ್‌ಡಿಎಂಐ ತೂತಿಗೆ ಟಾರ್ಚ್ ಬಿಡಿ, ಪಿನ್ನುಗಳು ಸಾಲಾಗಿ ಹೊಳೆಯಬೇಕು, ಬಾಗಿರಬಾರದು, ಹಸಿರು ಹಿಡಿದಿರಬಾರದು. ಡಿಸ್ಕ್ ಹಾಕಿ, ತೆಗೆಯಿರಿ, ಮತ್ತೆ ಹಾಕಿ. ಕಿರ್ ಅನ್ನುತ್ತಾ ಅರ್ಧಕ್ಕೆ ನಿಂತರೆ ಬೇಡ. ಆಮೇಲೆ ಒಂದು ಭಾರಿ ಆಟ ಹಾಕಿ ಅರ್ಧ ಗಂಟೆ ಬಿಡಿ, ಅವರ ಮನೆಯ ಕಾಫಿ ಕುಡಿಯುತ್ತಾ ಕೂತಿರಿ. ಬಿಸಿಯಾಗಿ ತಾನೇ ಆಫ್ ಆಗುವ ಯಂತ್ರ ಅಷ್ಟರೊಳಗೆ ಬಣ್ಣ ತೋರಿಸುತ್ತದೆ. ಕಂಟ್ರೋಲರ್ ಕೈಬಿಟ್ಟು ಮೇಜಿನ ಮೇಲಿಡಿ. ಯಾರೂ ಮುಟ್ಟದೆ ಮೆನು ತಾನೇ ಸರಿಯುತ್ತಿದ್ದರೆ ಸ್ಟಿಕ್ ಸವೆದಿದೆ, ಅಷ್ಟು ದುಡ್ಡು ಕಡಿಮೆ ಮಾಡಿಸಿ. ಕೊನೆಗೆ ಫೋನಿನ ಹಾಟ್‌ಸ್ಪಾಟ್ ಕೊಟ್ಟು ನಿಮ್ಮ ಅಕೌಂಟ್‌ನಿಂದ ಲಾಗಿನ್ ಆಗಿ ನೋಡಿ, ಕಂಪನಿ ಬ್ಯಾನ್ ಮಾಡಿದ ಯಂತ್ರವಾದರೆ ಒಳಗೇ ಬಿಡುವುದಿಲ್ಲ. ಬಿಲ್ ಕೇಳಿ ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ಫೋನ್ ತಗೊಳ್ಳುವುದಾದರೆ ಇನ್ನೊಂದು ಪರೀಕ್ಷೆ ಇದೆ. *#06# ಒತ್ತಿ ಬರುವ ಐಎಂಇಐ ನಂಬರನ್ನು (ಆ ಫೋನಿನ ಗುರುತಿನ ನಂಬರ್) ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿದರೆ ಬ್ಲಾಕ್ ಆದ ಫೋನಾ ಅಂತ ತಿಳಿಯುತ್ತದೆ.

ಇಎಂಐ ಮತ್ತು ಅಡಿಕೆ ದುಡ್ಡು

ನಮ್ಮ ಕಡೆ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ. ದೊಡ್ಡ ಆನ್‌ಲೈನ್ ಸೇಲ್‌ಗಳು ದಸರಾ, ದೀಪಾವಳಿ ಹೊತ್ತಿಗೆ. ಆಗ ಅಡಿಕೆ ಕೊಯ್ಲು ಇನ್ನೂ ಶುರುವಾಗಿರುತ್ತದೆ ಅಷ್ಟೇ, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹೋಗಿ ದುಡ್ಡು ಕೈಗೆ ಬರುವಾಗ ಹೊಸ ವರ್ಷ ಬಂದಿರುತ್ತದೆ. ಈ ಮಧ್ಯದ ಅಂತರಕ್ಕೇ ಇಎಂಐ ಗಾಳ ಹಾಕುತ್ತದೆ. ಕೊಳೆರೋಗ, ಎಲೆಚುಕ್ಕೆ ಬಂದ ವರ್ಷ ಆ ಕಂತು ಕಟ್ಟುವುದು ಎಷ್ಟು ಭಾರ ಅಂತ ತೋಟದ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೋ ಕಾಸ್ಟ್ ಇಎಂಐ ಅಂದರೂ ಪುಕ್ಕಟೆ ಅಲ್ಲ. ಬಡ್ಡಿಯಷ್ಟು ದುಡ್ಡನ್ನು ಮೊದಲೇ ಡಿಸ್ಕೌಂಟ್ ಅಂತ ತೋರಿಸಿರುತ್ತಾರೆ, ಆದರೆ ಆ ಬಡ್ಡಿಯ ಮೇಲೆ ಬ್ಯಾಂಕು 18% ಜಿಎಸ್‌ಟಿ ಹಾಕುತ್ತದೆ, ಮೇಲೆ ಪ್ರೊಸೆಸಿಂಗ್ ಫೀ ಬೇರೆ. 50,000ಕ್ಕೆ ಆರು ತಿಂಗಳು, 15% ಬಡ್ಡಿ ಅಂತ ಇಟ್ಟುಕೊಂಡರೆ ಜಿಎಸ್‌ಟಿ ಒಂದೇ ಸುಮಾರು 400 ರೂಪಾಯಿ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ, ಬಡ್ಡಿಯನ್ನು ಬೇರೆ ಹೆಸರಲ್ಲಿ ಮುಚ್ಚಿಡುತ್ತಾರೆ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಸುತ್ತೋಲೆ ಹೊರಡಿಸಿತ್ತು. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: "ಅಣ್ಣಾ, ಇಎಂಐ ಬೇಡ, ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?" ಆ ಎರಡು ಬೆಲೆಯ ವ್ಯತ್ಯಾಸವೇ ನಿಮ್ಮ ನಿಜವಾದ ಬಡ್ಡಿ. ಸಾಧ್ಯವಾದರೆ ಅಡಿಕೆ ಮಾರಿದ ಮೇಲೆಯೇ ತಗೊಳ್ಳಿ. ಮೇ ಕೊನೆ, ಜೂನ್ ಹೊತ್ತಿಗೆ ಸೋನಿಯ ಡೇಸ್ ಆಫ್ ಪ್ಲೇ ಆಫರ್ ಬರುತ್ತದೆ, ನಮ್ಮ ಜೇಬಿಗೆ ಆ ಕಾಲವೇ ಚೆನ್ನಾಗಿ ಹೊಂದುತ್ತದೆ.

ಬೇರೆ ಗ್ಯಾಜೆಟ್‌ಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕಿವಿಗೆ ಹಾಕುವ ವೈರ್‌ಲೆಸ್ ಇಯರ್‌ಬಡ್, ಸ್ಮಾರ್ಟ್‌ವಾಚ್ ಇವುಗಳ ಬ್ಯಾಟರಿ ಸುಲಭಕ್ಕೆ ಬದಲಿಸಲು ಬರುವುದಿಲ್ಲ, ಬ್ಯಾಟರಿ ಸತ್ತರೆ ವಸ್ತುವೇ ಸತ್ತಂತೆ, ಹಾಗಾಗಿ ದುಬಾರಿ ಮಾಡೆಲ್ ಬೇಡ. ರೋಬೋಟ್ ವ್ಯಾಕ್ಯೂಮ್ ಸಾಮಾನ್ಯವಾಗಿ ಎರಡು ಸೆಂಟಿಮೀಟರ್ ಎತ್ತರ ಹತ್ತುವುದೇ ಕಷ್ಟ, ನಮ್ಮ ಹಳೆ ಮನೆಗಳ ಹೊಸ್ತಿಲು ದಾಟುವ ಮಾತೇ ಇಲ್ಲ, ಸುಮ್ನೆ ದುಡ್ಡು ದಂಡ. ವರ್ಷಕ್ಕೊಂದು ಫೋನ್ ಬದಲಿಸುವುದಂತೂ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪೋಲು, ಬ್ಯಾಟರಿ ಬದಲಿಸಿದರೆ ಅದೇ ಫೋನ್ ಇನ್ನೆರಡು ವರ್ಷ ಓಡುತ್ತದೆ. ಒಳ್ಳೆ ಕ್ಯಾಮೆರಾ ತಗೊಳ್ಳುವವರು ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಖರ್ಚನ್ನೂ ಸೇರಿಸಿಕೊಳ್ಳಿ, ಲೆನ್ಸ್‌ಗೆ ಫಂಗಸ್ ಹಿಡಿಯಲು ಇಲ್ಲಿ ಒಂದು ಮಳೆಗಾಲ ಸಾಕು.

ಎಲ್ಲಿ ತಗೊಳ್ಳುವುದು, ಕೆಟ್ಟರೆ ಏನು

ಆನ್‌ಲೈನ್‌ನಲ್ಲಿ ಐನೂರು ರೂಪಾಯಿ ಕಡಿಮೆ ಇದ್ದರೂ ಶಿವಮೊಗ್ಗದ ಅಂಗಡಿಯಲ್ಲಿ ತಗೊಳ್ಳುವುದಕ್ಕೆ ಒಂದು ಬೆಲೆ ಇದೆ. ದುರ್ಗಿಗುಡಿಗೋ ನೆಹರು ರಸ್ತೆಗೋ ಹೋಗಿ ಎದುರಿಗೆ ನಿಂತು ಕೇಳಬಹುದು. ತಗೊಳ್ಳುವ ಮೊದಲು ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಪಿನ್ ಕೋಡ್ ಹಾಕಿ ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ನೋಡಿ. ಬೇರೆ ಊರಿಗೆ ಕಳಿಸಬೇಕಾದರೆ ಪ್ಯಾಕಿಂಗ್ ಡಬ್ಬ, ಥರ್ಮೊಕೋಲ್ ಎಲ್ಲಾ ಅಟ್ಟದ ಮೇಲೆ ಎತ್ತಿಡಿ, ಇಲಿ ತಿನ್ನದ ಕಡೆ. ಬಿಲ್ಲಿನ ಫೋಟೋ ತೆಗೆದಿಡಿ, ಥರ್ಮಲ್ ಪೇಪರಿನ ಬಿಲ್ಲು ಒಂದು ವರ್ಷದಲ್ಲಿ ಅಳಿಸಿಹೋಗುತ್ತದೆ.

ವಾರಂಟಿ ಇದ್ದೂ ಸತಾಯಿಸಿದರೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದರಲ್ಲೂ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಮಾರಿದವರ ಅಂಗಡಿ ದೇಶದ ಯಾವ ಮೂಲೆಯಲ್ಲಿದ್ದರೂ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದ ಒಳಗಿನ ವಸ್ತುವಿಗೆ ಶುಲ್ಕವೂ ಇಲ್ಲ.

ಮಾರುವ ಯೋಚನೆ ಬಂದರೆ ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲಿ ಮಾರಿ. ರಜೆಯಲ್ಲಿ ಕೇಳುವವರು ಜಾಸ್ತಿ, ಇನ್ನೊಂದು ಮಳೆಗಾಲದ ತೇವವೂ ಯಂತ್ರಕ್ಕೆ ಕೂರುವುದಿಲ್ಲ. ಡಬ್ಬ, ಬಿಲ್ಲು, ಎರಡೂ ಕಂಟ್ರೋಲರ್ ಒಟ್ಟಿಗೆ ಕೊಟ್ಟರೆ ಒಳ್ಳೆ ಬೆಲೆ ಬರುತ್ತದೆ. ಕೊಡುವ ಮೊದಲು ನಿಮ್ಮ ಅಕೌಂಟ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ, ಕನ್ಸೋಲ್‌ನ ಆನ್‌ಲೈನ್ ಅಂಗಡಿ ಪೇಜಿನಲ್ಲಿ ಸೇವ್ ಆಗಿರುವ ಕಾರ್ಡ್ ನಂಬರ್ ಅಳಿಸಿ.